ನನಗೂ ಆಗಿತ್ತು

ಗುರುಪುರದ ಸೇತುವೆಯ ಮೇಲೆ ಬ್ರೇಕು ಕೈಕೊಟ್ಟು ಬಸ್ಸು ಹೊಳೆಗೆ ಬೀಳಬಹುದಿತ್ತು. ಬೀಳದೆ ಮಂಗಳೂರು ಮುಟ್ಟಿದರೂ ಡಾಕ್ಟರಮ್ಮ ಆ ವಾರವೇ ರಜೆಯಲ್ಲಿರಬಹುದಿತ್ತು. ಈಥರ್ ಕೊಟ್ಟು ಮಲಗಿಸಿದವರು ಎಬ್ಬಿಸಲು ಮರೆಯಬಹುದಿತ್ತು. ಎಬ್ಬಿಸಿದರೂ ಆ ಮಂಪರಿನಲ್ಲಿ ನಾನು ನಮ್ಮ ಹೆಡ್‌ಮಿಸ್ಟ್ರೆಸರ ಅಡ್ಡಹೆಸರನ್ನು ವಾರ್ಡಿಗೆಲ್ಲ ಕೇಳುವ ಹಾಗೆ ಕೂಗಬಹುದಿತ್ತು. ಹೊಟ್ಟೆಯೊಳಗೆ ಕತ್ತರಿ ಬಿಟ್ಟು ಹೊಲಿಯಬಹುದಿತ್ತು, ಹೊಲಿಗೆ ಟೀಚರಿಗೆ ಕತ್ತರಿಯೇ ಮೃತ್ಯುವಾಯಿತೆಂದು ಊರು ನಗಬಹುದಿತ್ತು. ಪರೀಕ್ಷೆಗೆ ಕಳಿಸಿದ ನನ್ನ ಚೂರು ಇನ್ಯಾರದೋ ಚೂರಿನೊಂದಿಗೆ ಅದಲುಬದಲಾಗಿ ಪಾಪದ ಇನ್ನೊಬ್ಬಳ ಗರ್ಭಕೋಶ ಹೋಗಬಹುದಿತ್ತು. ಮನೆಯಲ್ಲಿ ಇವರು ಒಲೆಯ ಮೇಲೆ ಹಾಲಿಟ್ಟು ಪೇಪರು ಓದುತ್ತ ಕುಳಿತು ಅಡುಗೆಮನೆಯ ಮಾಡಿಗೆ ಬೆಂಕಿ ಹತ್ತಿಸಬಹುದಿತ್ತು. ನನ್ನ ಬದಲಿಗೆ ಬಂದ ಟೀಚರು ಆರನೇ ಕ್ಲಾಸಿನ ಹುಡುಗಿಯರಿಗೆ ಕಾಜ ಹೊಲಿಯುವುದನ್ನು ತಲೆಕೆಳಗಾಗಿ ಕಲಿಸಬಹುದಿತ್ತು. ಕಡೆಗೆ ನಾನು ಸತ್ತು, ಇವರು ಇನ್ನೊಂದು ಮದುವೆಯಾಗಿ, ಅವಳು ನನ್ನ ಹೊಲಿಗೆಯಂತ್ರಕ್ಕೆ ಎಣ್ಣೆ ಬಿಡದೆ ತುಕ್ಕು ಹಿಡಿಸಬಹುದಿತ್ತು.

ಇದರಲ್ಲಿ ಒಂದೂ ಆಗಲಿಲ್ಲ. ಕಾಯಿಲೆ ಬಂದದ್ದು ಸಾಲದೇ ಎಂದು ನೀವು ಕೇಳಬಹುದು. ಕಾಯಿಲೆಯನ್ನು ನಾನು ಈ ಪಟ್ಟಿಗೆ ಸೇರಿಸುವುದಿಲ್ಲ. ಅದು ಬರುವಂಥದ್ದು, ಬಂತು. ಎಡವಟ್ಟಾದದ್ದು ಬೇರೆ ಒಂದು ಸಣ್ಣ ಸಂಗತಿ. ಅದನ್ನು ಹೇಳಬೇಕಾದರೆ ಅಕ್ಕನಿಂದ ಸುರುಮಾಡಬೇಕು.

ನಾನು ಮೂಡುಬಿದಿರೆಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸುವವಳು. ಮಕ್ಕಳು ಬೆನ್ನ ಹಿಂದೆ ನನ್ನನ್ನು ‘ಮಂಡೆಬೆಚ್ಚ ಟೀಚರು’ ಎನ್ನುತ್ತಾರೆ. ನಮ್ಮ ಕಡೆ ಚಿಂತೆಗೆ ಮಂಡೆಬೆಚ್ಚ ಎನ್ನುವುದು. ತಲೆ ಕಾಯುತ್ತದಲ್ಲ, ಹಾಗೆ. ಹೆಸರು ಸರಿಯಾಗಿಯೇ ಇದೆ. ಕಂಕುಳಲ್ಲಿ ಕುರು ಎದ್ದಾಗ ನಾನು ಮಗಳಿಗೆ ಒಡವೆ ಒಪ್ಪಿಸಿದವಳು. ಸೀಮೆಸುಣ್ಣದ ಧೂಳಿಗೆ ಕೆಮ್ಮು ಬಂದಾಗ ಕ್ಷಯವೆಂದು ಲೋಟ ಬೇರೆ ಮಾಡಿಕೊಂಡವಳು. ಹಲಸಿನ ಹಣ್ಣು ಜಾಸ್ತಿ ತಿಂದು ಹೊಟ್ಟೆ ನೋವು ಬಂದಾಗ ಅಪೆಂಡಿಸೈಟಿಸ್ ಎಂದು ಇವರನ್ನು ಕಚೇರಿಯಿಂದ ಕರೆಸಿದವಳು. ಇವರು ಸಬ್‌ರಿಜಿಸ್ಟ್ರಾರ್ ಕಚೇರಿಯ ಗುಮಾಸ್ತರು. ಬರುವಾಗ ದಾರಿಯಲ್ಲಿ ವೈದ್ಯರನ್ನು ಕರೆಯದೆ ಓಮದ ನೀರಿನ ಬಾಟ್ಲಿ ಹಿಡಿದುಕೊಂಡು ಬಂದರು. ಅನುಭವಸ್ಥರು.

ಇಂಥ ಎಲ್ಲ ಸಮಯಗಳಲ್ಲಿ ನನ್ನ ಮಂಡೆಯನ್ನು ತಣಿಸುತ್ತಿದ್ದವಳು ಒಬ್ಬಳೇ, ಬೆಳ್ತಂಗಡಿಯಲ್ಲಿರುವ ನನ್ನ ಅಕ್ಕ ಕಾವೇರಿ. ನನಗಿಂತ ಐದು ವರ್ಷ ದೊಡ್ಡವಳು. ಯಾವುದಕ್ಕೂ ಹೆದರದವಳು. ಹದಿಮೂರರಲ್ಲಿ ಮೊದಲ ಸಲ ಲಂಗದಲ್ಲಿ ಕಲೆ ಕಂಡು, ಇನ್ನು ನಾನು ಸಾಯುತ್ತೇನೆಂದು ಸೌದೆ ಕೊಟ್ಟಿಗೆಯಲ್ಲಿ ಅಡಗಿ ಕುಳಿತಿದ್ದೆ. ನನ್ನನ್ನು ಹುಡುಕಿ ಪಕ್ಕದಲ್ಲಿ ಕುಳಿತು ಅವಳು ಹೇಳಿದ್ದು ಎರಡೇ ಶಬ್ದ: “ನನಗೂ ಆಗಿತ್ತು.” ನಾನು ಎದ್ದು ಹೊರಗೆ ಬಂದೆ. ಆಮೇಲೆ ಬಸುರಿನ ವಾಂತಿ, ಎದೆಬಡಿತ, ಕಿವಿಯೊಳಗಿನ ಗುಂಯ್ ಸದ್ದು, ಯಾವುದಕ್ಕೆ ನಾನು ಹೆದರಿದರೂ ಅಕ್ಕನ ಔಷಧ ಅದೇ.

ನನಗೆ ತಿಂಗಳಿನದ್ದು ನಿಂತದ್ದು ನಲವತ್ತೆಂಟರಲ್ಲಿ. ನಿಂತದ್ದಕ್ಕೂ ಒಂದಷ್ಟು ಮಂಡೆಬೆಚ್ಚ ಮಾಡಿ ಆಮೇಲೆ ಸುಖವಾಗಿದ್ದೆ. ನಮ್ಮ ಮನೆಯಲ್ಲಿ ಆ ಮೂರು ದಿನ ಹೊರಗೆ ಕೂರುವ ಪದ್ಧತಿ. ಹಿಂದಿನ ಜಗಲಿಯಲ್ಲಿ ಚಾಪೆ, ತಟ್ಟೆ, ಚೆಂಬು ಬೇರೆ, ಅಡುಗೆ ಇವರದ್ದು. ಇವರ ಅಡುಗೆ ಎಂದರೆ ಗಂಜಿ, ಮಾವಿನ ಮಿಡಿ. ನಿಂತಾಗ ನನಗಿಂತ ಹೆಚ್ಚು ಸಂತೋಷಪಟ್ಟವರು ಇವರು.

ಎರಡೂವರೆ ವರ್ಷ ಕಳೆದ ಮೇಲೆ ಒಂದು ಸೋಮವಾರ, ಶಾಲೆಯಿಂದ ಬಂದು ಸೀರೆ ಬದಲಿಸುವಾಗ ಕಂಡಿತು. ಹೆಚ್ಚೇನಲ್ಲ, ಎಂಟಾಣೆ ನಾಣ್ಯದಷ್ಟು ಅಗಲ. ನೋವಿಲ್ಲ.

ಜಗಲಿಗೆ ಹೋಗಿ ಚಾಪೆ ಬಿಡಿಸಿದೆ. ಯಾರೂ ನನ್ನನ್ನು ಕಳಿಸಲಿಲ್ಲ, ನೋಡಿ. ಅತ್ತೆ ತೀರಿಹೋಗಿ ವರ್ಷಗಳಾಗಿದ್ದವು. ಪದ್ಧತಿ ಮುರಿದರೆ ಏನಾದೀತೋ ಎಂಬ ಹೆದರಿಕೆಗೆ ನಾನೇ ನನ್ನನ್ನು ಹೊರಗೆ ಹಾಕಿಕೊಂಡೆ. ಇವರು ಕಚೇರಿಯಿಂದ ಬಂದು ಚಾಪೆ ನೋಡಿ ಬಾಗಿಲಲ್ಲೇ ನಿಂತರು.

“ಪುನಃ ಹೊರಗಾ?”

“ಹೌದು.”

“ಅದು ಮುಗಿದದ್ದಲ್ವಾ?”

“ಮುಗಿದಿತ್ತು.”

ಇವರು ಅಂಗಿಯ ಕೈ ಮಡಚಿ ಅಕ್ಕಿ ತೊಳೆಯಲು ಹೋದರು. ಇದನ್ನು ಬರೆಯುವಾಗ ನನಗೆ ಕಾಣುತ್ತದೆ: ನಮ್ಮ ಮನೆಯಲ್ಲಿ ಅದಕ್ಕಿದ್ದದ್ದು ‘ಹೊರಗೆ’ ಎಂಬ ಒಂದೇ ಶಬ್ದ. ಹದಿಮೂರರಲ್ಲಿ ಬಂದದ್ದಕ್ಕೂ ಅದೇ, ಐವತ್ತೊಂದರಲ್ಲಿ ಬಂದದ್ದಕ್ಕೂ ಅದೇ. ಶಬ್ದ ಒಂದೇ ಆದ್ದರಿಂದ ಸಂಗತಿಯೂ ಒಂದೇ ಎಂದುಕೊಂಡೆವು.

ಮುಂದಿನ ಭಾನುವಾರ ವೇಣೂರಿನ ಮೇಲೆ ಹೋಗುವ ಬಸ್ಸು ಹಿಡಿದು ಬೆಳ್ತಂಗಡಿಗೆ ಹೋದೆ. ಅಕ್ಕ ಹಪ್ಪಳ ಲಟ್ಟಿಸುತ್ತಿದ್ದಳು. ನಾನು ಪೂರ್ತಿ ಹೇಳಿ ಮುಗಿಸುವ ಮೊದಲೇ, ಮಣೆಯಿಂದ ತಲೆಯೆತ್ತದೆ ಅಂದಳು:

“ಅದಾ? ನನಗೂ ಆಗಿತ್ತು.”

“ನಿನಗಾ? ನೀನು ಹೇಳ್ಲೇ ಇಲ್ಲ.”

“ಹೇಳಿದ್ರೆ ನೀನು ನಿನಗೂ ಬಂತು ಅಂತ ಕೂರ್ತಿದ್ದಿ. ನಾಲ್ಕು ತಿಂಗಳು ಹೀಗೇ ಬಂದು ಹೋಗಿ ತನ್ನಷ್ಟಕ್ಕೇ ನಿಂತಿತು. ಉಷ್ಣ ಮಾರಾಯ್ತಿ. ಪುನರ್ಪುಳಿ ಶರಬತ್ತು ಮಾಡಿ ಕುಡಿ. ಮಂಡೆಬೆಚ್ಚ ಮಾಡ್ಬೇಡ.”

ಅಷ್ಟೇ. ನಾನು ಕೈ ತೊಳೆದು ಬಂದು ಹಪ್ಪಳ ಲಟ್ಟಿಸಲು ಕುಳಿತೆ. ವಾಪಸು ಬರುವಾಗ ಬಸ್ಸಿನಲ್ಲಿ ನಿದ್ದೆ ಬಂತು. ಬಸ್ಸಿನಲ್ಲಿ ನಾನು ನಿದ್ದೆ ಮಾಡುವುದೆಂದರೆ ಏನೆಂದು ನನ್ನ ಪರಿಚಯದವರಿಗೆ ಗೊತ್ತು. ಡ್ರೈವರನ ಬೆನ್ನು ನೋಡುತ್ತ ಕೂರುವವಳು ನಾನು.

ಅದು ಮತ್ತೆ ಬಂತು, ಹೋಯಿತು. ಒಮ್ಮೆ ಹತ್ತು ದಿನಕ್ಕೆ, ಒಮ್ಮೆ ಮೂವತ್ತೈದು ದಿನಕ್ಕೆ. ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದರೆ ಬಂದವರೆಲ್ಲ ನೋಡುತ್ತಾರೆಂದು, ಕ್ರಾಸ್ ಸ್ಟಿಚ್ ಕಲಿಸಲು ತಂದ ಮ್ಯಾಟಿ ಬಟ್ಟೆಯ ತುಂಡಿನಲ್ಲಿ ಕೆಂಪು ನೂಲಿನಿಂದ ದಿನಕ್ಕೊಂದು ಗುರುತು ಹೊಲಿಯತೊಡಗಿದೆ. ತಿಂಗಳಿಗೊಂದು ಸಾಲು. ಯಾರಾದರೂ ನೋಡಿದರೆ ಕಸೂತಿ ಎಂದುಕೊಳ್ಳಬೇಕು. ಸಹೋದ್ಯೋಗಿ ಒಬ್ಬಳು ನೋಡಿ, “ಇದು ಎಂತ ಡಿಸೈನು ಟೀಚರೇ, ಲೆಕ್ಕವೇ ಸಿಗುವುದಿಲ್ಲ” ಎಂದಳು.

ಐದನೇ ಸಾಲು ಸುರುವಾದಾಗ ಪುನಃ ಬೆಳ್ತಂಗಡಿಗೆ ಹೋದೆ.

“ನಿನಗೆ ನಾಲ್ಕೇ ತಿಂಗಳು ಅಂದಿದ್ದಿಯಲ್ಲ ಅಕ್ಕ. ನನಗೆ ಐದಾಯ್ತು.”

“ನಾಲ್ಕು ಅಂದೆನಾ? ಆರು ಇರ್ಬೇಕು.”

ಆರು ಕಳೆದ ಮೇಲೆ ಕೇಳಿದಾಗ ಆರೇಳು ಎಂದಳು. ಬೆಳೆಯುವ ಹುಡುಗಿಯರ ಲಂಗಕ್ಕೆ ಒಳಗಿನ ಮಡಿಕೆ ಬಿಚ್ಚಿ ಉದ್ದ ಮಾಡುತ್ತೇವಲ್ಲ, ಹಾಗೆ ನನ್ನ ರಕ್ತ ಉದ್ದವಾದ ಹಾಗೆಲ್ಲ ಅಕ್ಕನೂ ಮಡಿಕೆ ಬಿಚ್ಚುತ್ತಿದ್ದಳು. ಇಪ್ಪತ್ತೆಂಟು ವರ್ಷ ಆ ಮಡಿಕೆ ಹಾಕುವುದನ್ನೇ ಕಲಿಸಿದವಳಿಗೆ ಅದು ಕಾಣಲಿಲ್ಲ. ಪುನರ್ಪುಳಿ ಮಾತ್ರ ಬಿಡದೆ ಕುಡಿದೆ, ಹಲ್ಲೆಲ್ಲ ಕೆಂಪಾಯಿತು.

ಏಳನೇ ತಿಂಗಳಲ್ಲಿ ಬಂಟ್ವಾಳದ ಒಂದು ಶಾಲೆಗೆ ಹೊಲಿಗೆ ಪರೀಕ್ಷೆ ಮಾಡಲು ಹೋಗಿದ್ದೆ. ಹುಡುಗಿಯರು ಒಬ್ಬೊಬ್ಬರಾಗಿ ಕರವಸ್ತ್ರ ತಂದು ಮೇಜಿನ ಮೇಲಿಡುತ್ತಿದ್ದರು. ಕೊನೆಯವಳಿಗೆ ಅಂಕ ಹಾಕಿ ಎದ್ದೆ. ಬೆತ್ತದ ಕುರ್ಚಿಯನ್ನು ನೋಡಿ ಪುನಃ ಕುಳಿತೆ. ಅಲ್ಲಿಯ ಟೀಚರೊಬ್ಬರು ಬುದ್ಧಿವಂತೆ. ಮಕ್ಕಳನ್ನೆಲ್ಲ ಆಟಕ್ಕೆ ಬಿಟ್ಟು, ಹತ್ತಿರದ ಡಿಸ್ಪೆನ್ಸರಿಯ ಸೂಲಗಿತ್ತಿ ಸಿಸಿಲಿಯಾ ಬಾಯಿಯನ್ನು ಕರೆಸಿದರು. ಅರುವತ್ತರ ಹತ್ತಿರದ ದಪ್ಪ ಹೆಂಗಸು, ಕೈಯಲ್ಲಿ ಬಕೆಟು ಹಿಡಿದೇ ಬಂದಳು.

“ನಿಂತು ಎಷ್ಟು ವರ್ಷ ಆಯ್ತು ಟೀಚರೇ?”

“ಮೂರಾಯ್ತು.”

“ಇದು ಎಷ್ಟು ಸಮಯದಿಂದ?”

“ಏಳು ತಿಂಗಳು. ನೋವು ಏನೂ ಇಲ್ಲ ಬಾಯಿ.”

“ಕಳ್ಳ ಗಂಟೆ ಬಾರಿಸಿಕೊಂಡು ಬರ್ತಾನಾ?”

“ನನ್ನ ಅಕ್ಕನಿಗೂ ಆಗಿತ್ತು. ತನ್ನಷ್ಟಕ್ಕೆ ನಿಲ್ತದಂತೆ.”

“ನಿಮ್ಮ ಅಕ್ಕನ ಸುದ್ದಿ ನನಗೆ ಬೇಡ.” ಅವಳು ಕುರ್ಚಿ ಒರೆಸುತ್ತಲೇ ಮಾತಾಡಿದಳು. “ಒಂದು ಅಂಗಡಿ ಉಂಟು, ಮುಚ್ಚಿ ಬೀಗ ಹಾಕಿ ವರ್ಷಗಟ್ಟಲೆ ಆಯ್ತು. ಒಂದು ದಿನ ನೋಡುವಾಗ ಬಾಗಿಲು ತೆರೆದಿದೆ. ನೀವೆಂತ ಮಾಡ್ತೀರಿ? ವ್ಯಾಪಾರ ಸುರುವಾಯ್ತು ಅಂತ ಚೀಲ ಹಿಡ್ಕೊಂಡು ಹೋಗ್ತೀರಾ?”

“ಇಲ್ಲ.”

“ಕಳ್ಳ ಬಂದಿದ್ದಾನಾ ಅಂತ ನೋಡ್ತೀರಿ. ಗಾಳಿಗೆ ತೆರೆದಿರಬಹುದು, ಹೆಗ್ಗಣ ಇರಬಹುದು. ಹೆಚ್ಚಾಗಿ ಹಾಗೇ ಇರ್ತದೆ. ಆದ್ರೆ ಒಳಗೆ ಹೋಗಿ ನೋಡದೆ ಹೇಳ್ಲಿಕ್ಕಾಗುದಿಲ್ಲ. ನಿಂತು ವರ್ಷ ದಾಟಿದ ಮೇಲೆ ಒಂದು ತೊಟ್ಟು ಬಂದ್ರೂ ಅದು ಮುಟ್ಟಲ್ಲ ಟೀಚರೇ. ನಾಳೆಯೇ ಮಂಗಳೂರಿಗೆ ಹೋಗಿ.”

ಅವಳು ತನ್ನ ಸೆರಗಿನ ಪಿನ್ನು ತೆಗೆದು ನನ್ನ ಸೀರೆಯ ನೆರಿಗೆಯನ್ನು ಕಲೆ ಕಾಣದ ಹಾಗೆ ಮಡಚಿ ಕುತ್ತಿದಳು. ಆ ಪಿನ್ನು ಇನ್ನೂ ನನ್ನಲ್ಲಿದೆ.

ಮಂಗಳೂರಿನ ಆ ಮಿಶನ್ ಆಸ್ಪತ್ರೆಯ ಬೆಂಚು ಉದ್ದಕ್ಕೆ ಗೋಡೆಯ ಕೊನೆಯವರೆಗೂ ಇತ್ತು. ನಾನು ಒಂದು ತುದಿಯಲ್ಲಿ ಕುಳಿತೆ. ಮನೆಯ ಲೆಕ್ಕದಲ್ಲಿ ನಾನು ಆ ದಿನವೂ ಹೊರಗೆ. ಇವರು ಅಭ್ಯಾಸಬಲದಿಂದ ಮೂರಾಳು ಜಾಗ ಬಿಟ್ಟು ಕುಳಿತರು. ಜನ ಬಂದರು, ಆ ಜಾಗ ತುಂಬಿತು. ನನ್ನ ಪಕ್ಕದವಳು ಹತ್ತೊಂಬತ್ತರ ಹುಡುಗಿ, ತಿಂಗಳ ನಡುವೆ ಹೋಗುತ್ತದೆಂದು ಬಂದವಳು, ಬೆರಳಿನ ಗೆಣ್ಣು ಕಚ್ಚುತ್ತಿದ್ದಳು. ಅವಳನ್ನು ಒಳಗೆ ಕರೆದಾಗ ಖಾಲಿಯಾದ ಜಾಗಕ್ಕೆ ಇವರು ಎದ್ದು ಬಂದು ಕುಳಿತರು. ಕೈ ನನ್ನ ಕೈಯ ಮೇಲಿಟ್ಟರು. ಮದುವೆಯಾಗಿ ಮೂವತ್ತೆರಡು ವರ್ಷದಲ್ಲಿ ಅಂಥ ದಿನದಲ್ಲಿ ಇವರು ನನ್ನನ್ನು ಮುಟ್ಟಿದ್ದು ಅದೇ ಮೊದಲು. “ಸ್ನಾನ ಮಾಡಬೇಕಾಗ್ತದೆ ನಿಮಗೆ” ಎಂದೆ. “ಮಾಡುವ” ಎಂದರು.

ಡಾಕ್ಟರಮ್ಮ ದೂರದೇಶದವರು, ಪುಸ್ತಕ ನೋಡಿ ಕನ್ನಡ ಕಲಿತವರು. ಮೊದಲು ಇವರು ಒಬ್ಬರೇ ಒಳಗೆ ಹೋದರು. ಬಾಗಿಲಿನ ಪರದೆಯಾಚೆಯಿಂದ ಎಲ್ಲ ಕೇಳಿಸುತ್ತಿತ್ತು.

“ನನ್ನ ಹೆಂಡತಿ ಏಳು ತಿಂಗಳಿಂದ ಆಗಾಗ ಹೊರಗೆ, ಡಾಕ್ಟ್ರೇ.”

“ಏಳು ತಿಂಗಳು ಹೊರಗೆ ಏಕೆ?” ಅವರ ಸ್ವರದಲ್ಲಿ ನಿಜವಾದ ಕನಿಕರವಿತ್ತು. “ದಯವಿಟ್ಟು ಒಳಗೆ ಕರೆಯಿರಿ.”

ನಾನು ಒಳಗೆ ಹೋದೆ. ನಗು ಬಂದಿತ್ತು, ಹೆದರಿಕೆಯೂ ಇತ್ತು. ಇವರು ಬೆವರುತ್ತ ಸಬ್‌ರಿಜಿಸ್ಟ್ರಾರ್ ಕಚೇರಿಯ ಕನ್ನಡದಲ್ಲಿ ವಿವರಿಸತೊಡಗಿದಾಗ ಡಾಕ್ಟರಮ್ಮ ನನ್ನ ಕಡೆ ತಿರುಗಿ ನೇರವಾಗಿ ಕೇಳಿದರು: “ರಕ್ತವೋ?”

ಏಳು ತಿಂಗಳಲ್ಲಿ ನಮ್ಮ ಮನೆಯಲ್ಲಿ ಯಾರೂ ಆಡದ ಶಬ್ದ ಅದು. ನಾನು ಚೀಲದಿಂದ ಮ್ಯಾಟಿ ಬಟ್ಟೆ ತೆಗೆದು ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಸರಿಮಾಡಿಕೊಂಡು ಸಾಲುಸಾಲಾಗಿ ಬೆರಳಿಟ್ಟು ಓದಿದರು. ನನ್ನ ಹೊಲಿಗೆಯನ್ನು ಅಷ್ಟು ಗಮನವಿಟ್ಟು ನೋಡಿದವರು ಇನ್ನೊಬ್ಬರಿಲ್ಲ.

“ಇದು ಬಹಳ ಒಳ್ಳೆಯ ಬರಹ. ಆದರೆ ನೀವು ಮೊದಲನೆಯ ಸಾಲಿನಲ್ಲಿಯೇ ಏಕೆ ಬರಲಿಲ್ಲ?”

“ಅಕ್ಕ ಹೇಳಿದಳು...”

“ಅಕ್ಕ ವೈದ್ಯರೋ?”

ಒಳಗಿನಿಂದ ಸ್ವಲ್ಪ ಕೆರೆದು ತೆಗೆದು ಪರೀಕ್ಷೆಗೆ ಕಳಿಸಿದರು. ಹನ್ನೆರಡು ದಿನ ಕಾದೆವು. ಆ ಹನ್ನೆರಡು ದಿನದಲ್ಲಿ ನಾನು ಮಾಡಿದ ಮಂಡೆಬೆಚ್ಚವನ್ನು ಬರೆಯಲು ಹೋಗುವುದಿಲ್ಲ. ಒಂದು ಮಾದರಿ ಮೇಲೆ ಕೊಟ್ಟಿದ್ದೇನೆ. ವಿಚಿತ್ರವೆಂದರೆ ಆಗಲೂ ನನಗೆ ಆಸರೆಯಾಗಿದ್ದದ್ದು ಅಕ್ಕನ ಮಾತೇ. ಅವಳಿಗೆ ಆಗಿ, ನಿಂತು, ಅವಳು ಕಲ್ಲುಗುಂಡಿನ ಹಾಗೆ ಇದ್ದಾಳಲ್ಲ.

ಕಾಗದ ಬಂದ ಮೇಲೆ ಡಾಕ್ಟರಮ್ಮ ಹೇಳಿದರು, “ಗರ್ಭಕೋಶದಲ್ಲಿ ದುಷ್ಟ ಗಡ್ಡೆ ಇದೆ.” ದುಷ್ಟ ಎನ್ನುವ ಶಬ್ದವನ್ನು ನಾನು ಯಕ್ಷಗಾನದಲ್ಲಿ ಮಾತ್ರ ಕೇಳಿದ್ದವಳು. ಇವರು ಅವರ ಎದುರಿನಲ್ಲೇ ಪಂಚೆಯ ಅಂಚಿನಿಂದ ಕಣ್ಣೊರೆಸಿಕೊಂಡರು. ನಾನು ಅಳಲಿಲ್ಲ. ಜೀವಮಾನವೆಲ್ಲ ಕಾದ ಅತಿಥಿ ಕಡೆಗೂ ಬಂದಂತಿತ್ತು.

ಗರ್ಭಕೋಶ ತೆಗೆದರು. ನಾಲ್ಕನೇ ದಿನ ಡಾಕ್ಟರಮ್ಮ ಮಂಚದ ಹತ್ತಿರ ಕುಳಿತು, ಗಡ್ಡೆ ಒಳಗೋಡೆಯಲ್ಲಿ ಸ್ವಲ್ಪ ಆಳಕ್ಕೆ ಇಳಿದಿದೆ, ಆದ್ದರಿಂದ ಮದ್ರಾಸಿಗೆ ಹೋಗಿ ರೇಡಿಯಂ ಚಿಕಿತ್ಸೆಯನ್ನೂ ಮಾಡಿಸಬೇಕು ಎಂದರು. ಮೊದಲೇ ಬಂದಿದ್ದರೆ ಎಂದು ಕೇಳಿದೆ. “ಬೇಕಾಗುತ್ತಿರಲಿಲ್ಲವೋ ಏನೋ. ನಾನು ಹೇಳಲಾರೆ” ಎಂದರು. ಆಮೇಲೆ ಅವರೇ ನನ್ನ ಅಕ್ಕನನ್ನು ನೆನಪಿಸಿದರು. ಅವರಿಗೂ ಹೀಗೆಯೇ ಆಗಿತ್ತೆಂದಿರಲ್ಲ, ಅವರನ್ನು ನಾನು ನೋಡಬೇಕು ಎಂದರು.

ನನ್ನದು ಹೋಯಿತು ಬಿಡಿ, ಅಕ್ಕನೊಳಗೆ ಇನ್ನೂ ಕೂತಿದ್ದರೆ? ಮಾರನೆಯ ದಿನ ಅಕ್ಕ ಪುನರ್ಪುಳಿಯ ಬಾಟ್ಲಿ ಹಿಡಿದುಕೊಂಡು ಬಂದಾಗ ಅವಳಿಗೆ ಕೂರಲೂ ಬಿಡಲಿಲ್ಲ.

“ಅಕ್ಕ, ಹನ್ನೊಂದು ಗಂಟೆಗೆ ನಿನ್ನನ್ನು ಡಾಕ್ಟರಮ್ಮ ನೋಡ್ತಾರೆ. ನಾನು ಹೇಳಿ ಆಗಿದೆ.”

“ನನ್ನನ್ನು ಎಂತಕ್ಕೆ?”

“ನಿನಗೂ ಆಗಿತ್ತಲ್ಲ. ತನ್ನಷ್ಟಕ್ಕೆ ನಿಂತರೂ ನೋಡ್ಲೇಬೇಕಂತೆ.”

“ನನಗೇನಿಲ್ಲ. ನೀನು ಮಲಗು.”

“ನಿನಗೇನೂ ಆಗ್ಬಾರ್ದು ಅಕ್ಕ. ನನ್ನ ಮೇಲೆ ಆಣೆ, ಹೋಗು.”

ಅಕ್ಕ ಬಾಟ್ಲಿಯನ್ನು ಸ್ಟೂಲಿನ ಮೇಲಿಟ್ಟಳು. ಅದರ ಬಿರಡೆಯನ್ನು ಎರಡು ಸಲ ಒತ್ತಿದಳು.

“ಭಾಗಿ, ನನಗೆ ಅದು ಆಗಿರ್ಲಿಲ್ಲ.”

“ಎಂತದು?”

“ನಿಂತದ್ದು ನಿಂತೇ ಹೋಗಿತ್ತು. ಮತ್ತೆ ಬರ್ಲೇ ಇಲ್ಲ.”

“ಮತ್ತೆ ನಾಲ್ಕು ತಿಂಗಳು? ಆರು ತಿಂಗಳು?”

“ನಾಲ್ಕು ನಿನಗೆ ಸಾಕಾಗ್ಲಿಲ್ಲ.”

ಪಕ್ಕದ ಮಂಚದವಳು ಮಗ್ಗುಲು ಬದಲಿಸಿ ನಮ್ಮ ಕಡೆ ತಿರುಗಿದಳು. ನಾನು ಸ್ವರ ತಗ್ಗಿಸಿ ಕೇಳಿದೆ, “ಯಾಕೆ ಹೇಳಿದ್ದಿ?”

“ಸುಳ್ಳು ಹೇಳ್ಬೇಕು ಅಂತ ಹೇಳಿದ್ದಲ್ಲ. ಏನೂ ಆಗುದಿಲ್ಲ ಅಂದ್ರೆ ನೀನು ಕೇಳುವವಳಾ? ನನಗೂ ಆಗಿತ್ತು ಅಂದ್ರೆ ಮಾತ್ರ ಊಟ ಮಾಡ್ತಿ, ನಿದ್ದೆ ಮಾಡ್ತಿ. ಸಣ್ಣದಿರುವಾಗಿನಿಂದ ಹಾಗೆ.”

“ಎದೆಬಡಿತ? ಅದು ಆಗಿತ್ತಾ ನಿನಗೆ?”

ಅಕ್ಕ ಬಿರಡೆಯನ್ನು ಇನ್ನೊಮ್ಮೆ ಒತ್ತಿದಳು.

“ಕಿವಿಯ ಸದ್ದು?”

“ನಿನಗೆ ತಿಂಗಳಿಗೊಂದು ಕಾಯಿಲೆ ಭಾಗಿ. ಅದರಲ್ಲಿ ನಿಜದ್ದು ಯಾವುದು ಅಂತ ನನಗೆ ಹೇಗೆ ಗೊತ್ತಾಗ್ಬೇಕು?”

ಅಕ್ಕ ಅಳುವವಳಲ್ಲ. ನನ್ನ ಟವೆಲು ಮಡಚಿಟ್ಟಳು, ತಲೆದಿಂಬು ಸರಿಮಾಡಿದಳು, ಮಧ್ಯಾಹ್ನದ ಬಸ್ಸಿಗೆ ಹೊರಟುಹೋದಳು. ಶರಬತ್ತನ್ನು ನಾನು ಪಕ್ಕದ ಮಂಚದವಳಿಗೆ ಕೊಟ್ಟೆ.

ಮದ್ರಾಸಿನಲ್ಲಿ ರೇಡಿಯಂ ಒಳಗಿಟ್ಟ ಮೂರು ದಿನ ಯಾರೂ ನನ್ನ ಹತ್ತಿರ ಕೂರುವ ಹಾಗಿರಲಿಲ್ಲ. ನರ್ಸುಗಳು ಊಟದ ತಟ್ಟೆಯನ್ನು ದೂರದಿಂದ ಸರಿಸಿ ಬೇಗಬೇಗ ಹೋಗುತ್ತಿದ್ದರು. ಇವರು ಬಾಗಿಲಾಚೆ ನಿಂತು, “ಇಲ್ಲಿಯೂ ನಿನಗೆ ಹೊರಗೆಯಾ ಮಾರಾಯ್ತಿ” ಎಂದರು. ಆ ಮೂರು ದಿನ ನಾನು ಕಾಯಿಲೆಯ ಬಗ್ಗೆ ಹೆಚ್ಚು ಯೋಚಿಸಲಿಲ್ಲ. ಅಕ್ಕನ ‘ನನಗೂ ಆಗಿತ್ತು’ಗಳನ್ನು ಒಂದೊಂದಾಗಿ ತೆಗೆದು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಯಾವುದು ಗಟ್ಟಿ ಬಟ್ಟೆ, ಯಾವುದು ಬರೀ ಗಂಜಿ ಹಾಕಿ ನಿಲ್ಲಿಸಿದ್ದು? ಮೊತ್ತಮೊದಲಿನದು, ಸೌದೆ ಕೊಟ್ಟಿಗೆಯದ್ದು, ನಿಜವಿರಲೇಬೇಕು. ಅದು ಎಲ್ಲರಿಗೂ ಆಗುವಂಥದ್ದು. ಉಳಿದವು ಕೈಯಲ್ಲಿ ಹಿಡಿದಲ್ಲೇ ಹಿಂಜಿಹೋದವು. ಗರ್ಭಕೋಶ ಇಲ್ಲದೆ ಬದುಕಬಹುದೆಂದು ಡಾಕ್ಟರಮ್ಮ ಹೇಳಿದ್ದರು. ಅಕ್ಕನನ್ನು ನಂಬದೆ ಬದುಕುವುದು ಹೇಗೆಂದು ಯಾರೂ ಹೇಳಲಿಲ್ಲ.

ಇದೆಲ್ಲ ಆಗಿ ನಾಲ್ಕು ವರ್ಷವಾಯಿತು. ಆರು ತಿಂಗಳಿಗೊಮ್ಮೆ ಮಂಗಳೂರಿಗೆ ಹೋಗಿ ತೋರಿಸಿ ಬರುತ್ತೇನೆ. ಇದುವರೆಗೆ ಏನೂ ಕಂಡಿಲ್ಲ. ಹಿಂದಿನ ಜಗಲಿಯ ಚಾಪೆಯ ಮೇಲೆ ಈಗ ಇವರು ಪೇಪರು ಓದುತ್ತಾರೆ. ಅಕ್ಕ ಬರುತ್ತಾಳೆ, ಹಪ್ಪಳ ತರುತ್ತಾಳೆ. ನಾವು ಮಾತು ಬಿಟ್ಟಿಲ್ಲ. ಆದರೆ ಈಗ ಅವಳು ಯಾವ ಮಾತಿಗೂ ಮೊದಲು ‘ನಿಜ ಹೇಳ್ತೇನೆ’ ಎಂದು ಸೇರಿಸುತ್ತಾಳೆ. ನಿಜ ಹೇಳ್ತೇನೆ, ಬಸ್ಸು ಇವತ್ತು ಲೇಟು. ನಿಜ ಹೇಳ್ತೇನೆ, ಸಾರಿಗೆ ಉಪ್ಪು ಕಮ್ಮಿ. ಅದನ್ನು ಕೇಳುವಾಗಲೆಲ್ಲ ಹೊಟ್ಟೆಯ ಹೊಲಿಗೆ ಚುಳ್ ಎನ್ನುತ್ತದೆ.

ಇದನ್ನು ಓದುವ ನಿಮ್ಮಲ್ಲಿ ಯಾರಾದರೂ ಗುಟ್ಟಾಗಿ ಚಾಪೆ ಬಿಡಿಸಿ ಕುಳಿತಿದ್ದರೆ, ನನಗೂ ಆಗಿತ್ತು. ಇದು ಸುಳ್ಳಲ್ಲ, ಹೊಟ್ಟೆಯ ಮೇಲೆ ಗುರುತಿದೆ. ಆದರೆ ನನಗೆ ಆದದ್ದರಿಂದ ನಿಮ್ಮದು ಏನೆಂದು ತಿಳಿಯುವುದಿಲ್ಲ. ನಿಮ್ಮ ಬಾಗಿಲು ಗಾಳಿಗೆ ತೆರೆದದ್ದೇ ಇರಬಹುದು. ನನ್ನ ಮಾತನ್ನೂ ನಂಬಬೇಡಿ, ಹೋಗಿ ತೋರಿಸಿ.

ಬಸ್ಸು ಹೊಳೆಗೆ ಬೀಳಲಿಲ್ಲ. ಕತ್ತರಿ ಹೊಟ್ಟೆಯಲ್ಲಿ ಉಳಿಯಲಿಲ್ಲ. ಹೊಲಿಗೆಯಂತ್ರಕ್ಕೆ ನಾನೇ ಎಣ್ಣೆ ಬಿಡುತ್ತಿದ್ದೇನೆ. ಎಡವಟ್ಟಾದದ್ದು ಇಷ್ಟೇ: ಐವತ್ತೊಂದು ವರ್ಷದಲ್ಲಿ ಒಮ್ಮೆ, ಮಾಡಲೇಬೇಕಾಗಿದ್ದ ಹೊತ್ತಿನಲ್ಲಿ, ನಾನು ಮಂಡೆಬೆಚ್ಚ ಮಾಡಲಿಲ್ಲ.